ಎಷ್ಟು ದಿನದ ಕೆಮ್ಮು?

ವೈದ್ಯನಾದವನು ತನ್ನ ಜೀವಮಾನದಲ್ಲಿ ರೋಗಿಗಳಿಗೆ ಸಾವಿರಾರು ಪ್ರಶ್ನೆ ಕೇಳುತ್ತಾನೆ. ಕೇಳಿದ್ದೆಲ್ಲ ಮರೆತುಹೋಗುತ್ತದೆ. ಕೇಳಬೇಕಾಗಿದ್ದು ಕೇಳದೆ ಹೋದದ್ದು ಮಾತ್ರ ಮುಪ್ಪಿನವರೆಗೂ ಬೆನ್ನು ಬಿಡುವುದಿಲ್ಲ. ನನ್ನ ಪಾಲಿಗೆ ಅಂಥ ಪ್ರಶ್ನೆ ಒಂದಿದೆ. ಅದು ಮೂರೇ ಮಾತಿನದು: ಎಷ್ಟು ದಿನದ ಕೆಮ್ಮು?

1977ರಲ್ಲಿ ನಾನು ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಹೋಗಿದ್ದೆ. ಬೆಳಗ್ಗೆ ಎಂಟು ಗಂಟೆಗೆಲ್ಲ ಜಗುಲಿ ತುಂಬಿ, ಸಾಲು ಅಂಗಳದ ಬೇವಿನ ಮರದವರೆಗೆ ಬೆಳೆದಿರುತ್ತಿತ್ತು. ಹೆಚ್ಚು ಕಡಿಮೆ ಎಲ್ಲರ ಕೈಯಲ್ಲೂ ಮನೆಯಿಂದ ತೊಳೆದು ತಂದ ಒಂದು ಖಾಲಿ ಸೀಸೆ. ನಾನು ಚೀಟಿಯ ಮೇಲೆ ಎರಡು ಗೆರೆ ಗೀಚುವುದು, ಕಾಂಪೌಂಡರು ದೊಡ್ಡ ಜಾಡಿಯಿಂದ ಮಿಕ್ಸ್ಚರನ್ನು ಅಳೆದು ಸುರಿದು, ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಸೀಸೆಯ ಮೈಗೆ ಅಂಟಿಸುವುದು: ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕಿದರೆ ಅವರ ಪುಣ್ಯ.

ಆ ಸಾಲಿನಲ್ಲಿ ಕಂಬಳಿ ನೇಯುವ ಒಬ್ಬ ಯಜಮಾನ ಬರುತ್ತಿದ್ದ. "ಕೆಮ್ಮು ಸ್ವಾಮಿ" ಎಂದ. ಉಣ್ಣೆಯ ಧೂಳು ಎದೆಗೆ ಹೊಕ್ಕಿರಬೇಕೆಂದು ನಾನೇ ತೀರ್ಮಾನಿಸಿ ಮಿಕ್ಸ್ಚರು ಬರೆದೆ. ಮತ್ತೆ ಬಂದ, ಮತ್ತೆ ಬರೆದೆ. ಮೂರನೆಯ ಸಲವೂ ಹಾಗೆಯೇ. ನಾಲ್ಕನೆಯ ಸಲ ನಮ್ಮ ಹಳೆಯ ಕಾಂಪೌಂಡರು ಸೀಸೆಯನ್ನು ತುಂಬಿಸದೆ ಹಾಗೆಯೇ ಒಳಗೆ ತಂದು ನನ್ನ ಮೇಜಿನ ಮೇಲಿಟ್ಟರು. "ಸಾರ್, ಈ ಸೀಸೆ ಎರಡು ತಿಂಗಳಿಂದ ಓಡಾಡ್ತಾ ಇದೆ. ಪಟ್ಟಿ ಮೇಲೆ ಪಟ್ಟಿ ಅಂಟಿಸಿ ನನಗೇ ಇದರ ಗುರುತಾಗಿಬಿಟ್ಟಿದೆ. ಒಂದು ಸಲ ಕಫ ನೋಡಿಸಬಾರದೇ?" ಎಂದರು.

ಕಫ ನೋಡಿಸಿದೆವು. ನೀಲಿಯ ನೆಲದ ಮೇಲೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು ಚೆಲ್ಲಿದ ಹಾಗೆ ಬಿದ್ದಿದ್ದವು. ಕ್ಷಯ. ವಿಷಯ ತಿಳಿಸಿದಾಗ ಆತ ಅಳಲಿಲ್ಲ, ಬೈಯಲಿಲ್ಲ. ಮೇಜಿನ ಮೇಲಿದ್ದ ತನ್ನ ಸೀಸೆಯನ್ನು ನೋಡಿ, "ಹಂಗಾದರೆ ಇಷ್ಟು ದಿನ ಕೊಟ್ಟಿದ್ದು ಯಾತರ ಔಷಧಿ ಸ್ವಾಮಿ?" ಎಂದು ಕೇಳಿದ. ಅದಕ್ಕೆ ಉತ್ತರ ಆಗ ನನ್ನಲ್ಲಿರಲಿಲ್ಲ. ಕೆಲವು ತಿಂಗಳ ಮೇಲೆ, ಜಿಲ್ಲೆಯ ಕ್ಷಯ ಕೇಂದ್ರದಲ್ಲಿ ಹಳೆಯ ಪತ್ರಿಕೆಗಳನ್ನು ತಿರುವುತ್ತಿದ್ದಾಗ ಉತ್ತರ ಸಿಕ್ಕಿತು. ನನ್ನ ತಪ್ಪು ಹೊಸದಲ್ಲ. ನಾನು ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ, 1963ರಲ್ಲಿ, ಅದು ಅಚ್ಚಾಗಿ ಲೋಕದ ಮುಂದಿತ್ತು. ಅದೂ ನಮ್ಮ ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳಿಂದಲೇ. ಆ ವಿಷಯಕ್ಕೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ವಾಚಕರು ಅಷ್ಟು ದೂರ ನನ್ನ ಜತೆಯಲ್ಲಿ ಬರಬೇಕೆಂದು ಕೋರುತ್ತೇನೆ.

ಈ ರೋಗ ನಮ್ಮವರಿಗೆ ಹಳೆಯ ಪರಿಚಯ. ಚರಕಸಂಹಿತೆಯಲ್ಲಿ ಇದಕ್ಕೆ ರಾಜಯಕ್ಷ್ಮವೆಂದು ಹೆಸರು, ಒಂದು ಕಥೆಯೂ ಉಂಟು. ದಕ್ಷನ ಅಷ್ಟೊಂದು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳಲ್ಲೇ ಮನಸ್ಸಿಟ್ಟು, ಮಾವನ ಕೋಪಕ್ಕೆ ಸಿಕ್ಕಿ, ದಿನೇ ದಿನೇ ಕ್ಷಯಿಸಿದನಂತೆ. ಕಥೆ ಹಾಗಿರಲಿ, ಕೆಮ್ಮು, ಜ್ವರ, ಹೆಗಲು ಪಕ್ಕೆಗಳ ನೋವು, ರಕ್ತ ಬೀಳುವುದು, ಮೈ ಇಳಿಯುವುದು ಎಂದು ಹಿಂದಿನವರು ಕೊಟ್ಟ ಲಕ್ಷಣಗಳಲ್ಲಿ ಇಂದಿನ ವೈದ್ಯನೂ ತಿದ್ದಬೇಕಾದದ್ದು ಬಹಳವಿಲ್ಲ. ಮೈ ನೋಡಿ ಹೇಳುವುದರಲ್ಲಿ ಅವರು ನಿಪುಣರು. ತೊಡಕೆಂದರೆ, ಮೈ ಅಷ್ಟು ಸ್ಪಷ್ಟವಾಗಿ ಮಾತಾಡುವ ಹೊತ್ತಿಗೆ ರೋಗ ಮನೆಯ ಅರ್ಧವನ್ನು ಆಕ್ರಮಿಸಿಕೊಂಡಿರುತ್ತದೆ.

ಮೈಯ ಒಳಗಿನ ಸದ್ದನ್ನು ಕೇಳುವ ಉಪಾಯ ಕಂಡದ್ದು 1816ರಲ್ಲಿ, ಪ್ಯಾರಿಸಿನಲ್ಲಿ. ಲೇನೆಕ್ ಎಂಬ ವೈದ್ಯ ಒಬ್ಬ ತರುಣಿಯ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ಕಾಗದವನ್ನು ಸುರುಳಿ ಸುತ್ತಿ ಅದರ ಒಂದು ತುದಿಗೆ ಕಿವಿಗೊಟ್ಟ. ಅದೇ ಸ್ಟೆತಾಸ್ಕೋಪಿನ ಹುಟ್ಟು. ಆ ಕೊಳವೆಯ ಮೂಲಕ ಆತ ಕ್ಷಯದ ಶ್ವಾಸಕೋಶಗಳ ಸದ್ದನ್ನು ಒಂದೊಂದಾಗಿ ಗುರುತಿಸಿ ಬರೆದಿಟ್ಟ. ಹತ್ತು ವರ್ಷಗಳ ಮೇಲೆ, 1826ರಲ್ಲಿ, ಅದೇ ರೋಗದಿಂದ ತೀರಿಕೊಂಡ. ಕೊರಳಿಗೆ ಆ ಕೊಳವೆಯನ್ನು ತೂಗುಹಾಕಿಕೊಂಡು ಓಡಾಡುವ ನಮ್ಮಂಥವರಿಗೆ ಇದು ಆಗಾಗ ನೆನಪಾಗುವುದು ಒಳ್ಳೆಯದು. ಏಕೆಂದರೆ ಕಿವಿಯನ್ನು ನಂಬಿ ಕೆಟ್ಟವರೂ ನಾವೇ. ಎಷ್ಟೋ ಕ್ಷಯರೋಗಿಗಳ ಎದೆ ಕಿವಿಗೆ ಏನನ್ನೂ ಹೇಳುವುದಿಲ್ಲ. ನನ್ನ ಕಂಬಳಿಯ ಯಜಮಾನನ ಎದೆಗೂ ನಾನು ಒಮ್ಮೆ ಸ್ಟೆತಾಸ್ಕೋಪು ಇಟ್ಟಿದ್ದೆ. ವಿಶೇಷವೇನೂ ಕೇಳಿಸಿರಲಿಲ್ಲ.

ರೋಗದ ಕಾರಣ ಕಣ್ಣಿಗೆ ಬಿದ್ದದ್ದು 1882ರ ಮಾರ್ಚ್ 24ರಂದು. ಬರ್ಲಿನ್ನಿನ ಒಂದು ವಿದ್ವತ್ಸಭೆಯಲ್ಲಿ ರಾಬರ್ಟ್ ಕಾಖ್ ತನ್ನ ಸೂಕ್ಷ್ಮದರ್ಶಕಗಳನ್ನು ಸಾಲಾಗಿ ಇಟ್ಟು, ಕ್ಷಯದ ರೋಗಾಣುವನ್ನು ವಿದ್ವಾಂಸರಿಗೆ ತೋರಿಸಿದ. ವಂಶಪಾರಂಪರ್ಯ, ಕೆಟ್ಟ ಗಾಳಿ, ಮನೋವ್ಯಥೆ ಎಂದೆಲ್ಲ ಹೇಳುತ್ತಿದ್ದ ಕಾಲ ಅಲ್ಲಿಗೆ ಮುಗಿಯಬೇಕಿತ್ತು. ಸ್ವಲ್ಪದರಲ್ಲೇ ಎರ್ಲಿಖ್, ತ್ಸೀಲ್, ನೀಲ್ಸನ್ ಎಂಬವರು ಬಣ್ಣ ಹಾಕುವ ಕ್ರಮವನ್ನು ಸರಳಗೊಳಿಸಿದರು. ಈ ಅಣುವಿನ ಮೈಗೆ ಮೇಣದಂಥ ಒಂದು ಕವಚವಿದೆ. ಕೆಂಪು ಬಣ್ಣ ಹಾಕಿ ಕಾಯಿಸಿದರೆ ಅದನ್ನು ಹೀರಿಕೊಳ್ಳುತ್ತದೆ. ಆಮೇಲೆ ಆಮ್ಲದಲ್ಲಿ ತೊಳೆದರೂ ಬಿಡುವುದಿಲ್ಲ. ಉಳಿದದ್ದೆಲ್ಲ ಬಣ್ಣ ಕಳೆದುಕೊಂಡು, ನಂತರ ಹಾಕುವ ನೀಲಿಯನ್ನು ಹಿಡಿಯುತ್ತದೆ. ನೀಲಿಯಲ್ಲಿ ಕೆಂಪು ಕಂಡರೆ ಕ್ಷಯ. ಒಂದು ಗಾಜಿನ ತುಂಡು, ಎರಡು ಬಣ್ಣ, ಒಂದು ದೀಪ, ಒಂದು ಸೂಕ್ಷ್ಮದರ್ಶಕ, ತಾಳ್ಮೆಯಿರುವ ಒಂದು ಜೊತೆ ಕಣ್ಣು: ಇಷ್ಟೇ ಸಾಮಗ್ರಿ. ಕಫದಲ್ಲಿ ಮಿಲಿಲೀಟರಿಗೆ ಐದು ಹತ್ತು ಸಾವಿರ ಅಣುಗಳಾದರೂ ಇದ್ದರೆ ಮಾತ್ರ ಇದರಲ್ಲಿ ಕಾಣುತ್ತದೆ ಎಂಬುದು ನ್ಯೂನತೆ. ಆದರೆ ಇತರರಿಗೆ ಅತಿ ಹೆಚ್ಚು ರೋಗ ಹಂಚುವವರೇ ಇದರಲ್ಲಿ ಸಿಕ್ಕಿಬೀಳುತ್ತಾರೆ ಎಂಬುದು ದೊಡ್ಡ ಗುಣ.

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಎದೆಯ ನೆರಳನ್ನು ಚಿತ್ರವಾಗಿ ನೋಡುವುದು ಸಾಧ್ಯವಾಯಿತು. ಪೇಟೆಯ ಜನಕ್ಕೆ ಇದರ ಮೇಲೆ ಬಲು ನಂಬಿಕೆ. ಕಫದ ಡಬ್ಬಿ ಕೈಗೆ ಕೊಟ್ಟರೆ ಮುಖ ಸಿಂಡರಿಸುವವರೂ ಎಕ್ಸ್‌-ರೇ ಎಂದರೆ ಎದ್ದು ಹೊರಡುತ್ತಾರೆ. ಬಹು ಬೇಗ ಸುಳಿವು ಕೊಡುವ ಸಾಧನ ಅದು, ಸಂದೇಹವಿಲ್ಲ. ಆದರೆ ನೆರಳಿಗೆ ಹೆಸರಿಲ್ಲ. ಹಳೆಯ ಗಾಯದ ಕಲೆ, ನ್ಯುಮೋನಿಯ, ಗಂತಿ ಎಲ್ಲವೂ ಅಲ್ಲಿ ಬಿಳಿಯ ಮಚ್ಚೆಯಾಗಿಯೇ ಕಾಣಬಹುದು. ಅದೇ ಚಿತ್ರವನ್ನು ಇಬ್ಬರು ತಜ್ಞರ ಮುಂದಿಟ್ಟರೆ ಎರಡು ಅಭಿಪ್ರಾಯ ಬರುವುದುಂಟು. ಆದ್ದರಿಂದ ನೆರಳು ಅನುಮಾನವನ್ನು ಹುಟ್ಟಿಸಬೇಕು, ಕಫ ಸಾಕ್ಷಿ ಹೇಳಬೇಕು.

ರೋಗ ಗೊತ್ತಾಯಿತು ಎನ್ನೋಣ. ಮಾಡುವುದೇನು? ಕಾಖ್‌ನ ನಂತರದ ಅರವತ್ತು ವರ್ಷ ಈ ಪ್ರಶ್ನೆಗೆ ನೇರವಾದ ಉತ್ತರವಿರಲಿಲ್ಲ. ಇದ್ದದ್ದು ಸ್ಯಾನಟೋರಿಯಂ. ಜರ್ಮನಿಯಲ್ಲಿ ಬ್ರೆಮರ್ 1850ರ ದಶಕದಲ್ಲಿ ಆರಂಭಿಸಿದ ಈ ಪದ್ಧತಿ ನಮ್ಮ ದೇಶಕ್ಕೂ ಬಂತು. ಮದನಪಲ್ಲಿಯ ಬಳಿ ಆರೋಗ್ಯವರಂ 1915ರಲ್ಲಿ ತೆರೆಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಕ್ಷಯಕ್ಕೆ ಬಲಿಯಾದ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಸ್ಯಾನಟೋರಿಯಂ ಕಟ್ಟಿಸಿದರು. ಅರಮನೆಯ ಗೋಡೆಯೂ ಈ ರೋಗಕ್ಕೆ ಅಡ್ಡಿಯಲ್ಲವೆಂಬುದಕ್ಕೆ ಆ ಕಟ್ಟಡವೇ ಸಾಕ್ಷಿ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಸಾಲದಿದ್ದರೆ ಎದೆಗೂಡಿಗೆ ಸೂಜಿಯಿಂದ ಗಾಳಿ ತುಂಬಿ ಶ್ವಾಸಕೋಶವನ್ನು ಮಡಿಸಿ ಮಲಗಿಸುವುದು, ಅದೂ ಸಾಲದಿದ್ದರೆ ಪಕ್ಕೆಲುಬುಗಳನ್ನೇ ಕೊಯ್ದು ತೆಗೆಯುವುದು. ಕೆಲವರು ಗುಣವಾಗಿ ಮನೆಗೆ ಬಂದರು. ಅನೇಕರು ಬರಲಿಲ್ಲ.

ನಮ್ಮ ದೊಡ್ಡಮ್ಮ ಹಾಗೆ ಹೋಗಿ ಬಂದವರು. 1940ರ ದಶಕದ ಮಾತು. ನಾನು ಹುಟ್ಟುವ ಮೊದಲು. ಎಂಟು ತಿಂಗಳು ಇದ್ದು, ಮೈ ತುಂಬಿಕೊಂಡು ಬಂದರಂತೆ. ಮನೆಯಲ್ಲಿ ಅವರಿಗಾಗಿ ಹಿತ್ತಲ ಕೋಣೆ, ಬೇರೆ ತಟ್ಟೆ, ಬೇರೆ ಲೋಟ. ಆ ಲೋಟಕ್ಕೆ ಗುರುತಿಗಾಗಿ ಒಂದು ದಾರ ಕಟ್ಟಿತ್ತು. ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೂ ಆ ಲೋಟ ಅಟ್ಟದ ಮೇಲೆ ದಾರದ ಸಮೇತ ಇದ್ದುದನ್ನು ನಾನು ಕಂಡಿದ್ದೇನೆ. ಪಾತ್ರೆಯಿಂದ ಈ ರೋಗ ಹರಡುವುದಿಲ್ಲ. ಕೆಮ್ಮಿದಾಗ, ಮಾತಾಡಿದಾಗ ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳಿಂದ ಹರಡುತ್ತದೆ. ಲೋಟಕ್ಕೆ ದಾರ ಕಟ್ಟಿದ ನಮ್ಮ ಮನೆಯವರು ಕೋಣೆಯ ಕಿಟಕಿಯನ್ನು ಮಾತ್ರ, ಥಂಡಿಯೆಂದು, ಭದ್ರವಾಗಿ ಮುಚ್ಚಿಡುತ್ತಿದ್ದರಂತೆ.

ಔಷಧಿ ಬಂದದ್ದು ಮಣ್ಣಿನಿಂದ. 1943ರಲ್ಲಿ ಅಮೆರಿಕದ ರಟ್ಗರ್ಸಿನಲ್ಲಿ, ವಾಕ್ಸ್‌ಮನ್ನರ ಪ್ರಯೋಗಶಾಲೆಯ ತರುಣ ಆಲ್ಬರ್ಟ್ ಶಾಟ್ಸ್, ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ತೆಗೆದರು. ಬ್ರಿಟನ್ನಿನಲ್ಲಿ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ 1948ರಲ್ಲಿ ಫಲ ಪ್ರಕಟಿಸಿದರು. ಬರಿಯ ವಿಶ್ರಾಂತಿಯ 52 ಜನರಲ್ಲಿ ಆರು ತಿಂಗಳೊಳಗೆ 14 ಮಂದಿ ಸತ್ತಿದ್ದರು. ಔಷಧಿ ಪಡೆದ 55 ಜನರಲ್ಲಿ 4 ಮಂದಿ. ಲೋಕ ಹರ್ಷಿಸಿತು. ಆದರೆ ಅದೇ ವರದಿಯಲ್ಲಿ ಎಚ್ಚರಿಕೆಯೂ ಇತ್ತು: ಎಷ್ಟೋ ರೋಗಿಗಳಲ್ಲಿ ಅಣು ಔಷಧಿಗೆ ಬಗ್ಗದೆ ನಿಲ್ಲುವುದನ್ನು ಕಲಿತುಬಿಟ್ಟಿತ್ತು. ಒಂದೇ ಔಷಧಿ ಕೊಟ್ಟರೆ ಕೋಟಿಗಟ್ಟಲೆ ಅಣುಗಳಲ್ಲಿ ಅದಕ್ಕೆ ಬಗ್ಗದ ನಾಲ್ಕಾರು ಉಳಿದು, ಬೆಳೆದು, ಮತ್ತೆ ಮನೆ ತುಂಬಿಕೊಳ್ಳುತ್ತವೆ. ಎರಡು ಮೂರು ಔಷಧಿಗಳನ್ನು ಕೂಡಿಸಿ ಕೊಟ್ಟರೆ ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗುತ್ತದೆ. ಪಾಸ್ ಎಂಬ ಔಷಧಿ ಜತೆಗೂಡಿತು. 1952ರಲ್ಲಿ ಐಸೋನಿಯಜಿಡ್ ಬಂತು. ಅದು ಅಗ್ಗವಾದ ಮಾತ್ರೆ, ಬಲವಾದದ್ದು. ಕ್ಷಯದ ಚಿಕಿತ್ಸೆಯ ವ್ಯಾಕರಣದ ಮೊದಲ ಸೂತ್ರ ಅಂದಿನಿಂದ ಇಂದಿನವರೆಗೂ ಒಂದೇ: ಒಂಟಿ ಔಷಧಿ ಬೇಡ, ನಡುವೆ ಬಿಡಬೇಡ.

ಮಾತ್ರೆ ಬಂತು ಸರಿ, ಹಾಸಿಗೆ? ಲಕ್ಷಾಂತರ ರೋಗಿಗಳಿದ್ದ ದೇಶದಲ್ಲಿ ಸ್ಯಾನಟೋರಿಯಮ್ಮಿನ ಹಾಸಿಗೆಗಳು ಕೆಲವು ಸಾವಿರ. ಈ ಇಕ್ಕಟ್ಟಿನಿಂದ ಹುಟ್ಟಿದ್ದು 1956ರಲ್ಲಿ ಮದರಾಸಿನಲ್ಲಿ ಪ್ರಾರಂಭವಾದ ಒಂದು ಪ್ರಯೋಗ. ಇದರ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇಲ್ಲದಿರುವುದು ನನಗೆ ಆಶ್ಚರ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಸಂಶೋಧನಾ ಮಂಡಲಿ ಸೇರಿ ಕೇಂದ್ರವನ್ನು ತೆರೆದವು; ಡಾ. ವಾಲೆಸ್ ಫಾಕ್ಸ್ ಅದರ ಮುಂದಾಳು. ನಗರದ ಬಡ ರೋಗಿಗಳು 193 ಮಂದಿ. ಚೀಟಿ ಎತ್ತಿದ ಹಾಗೆ ಇವರನ್ನು ಎರಡು ಪಂಗಡ ಮಾಡಿ, ಒಂದು ಪಂಗಡವನ್ನು ಸ್ಯಾನಟೋರಿಯಮ್ಮಿಗೆ ಕಳಿಸಿದರು. ಇನ್ನೊಂದು ಪಂಗಡ ತಮ್ಮ ತಮ್ಮ ಇಕ್ಕಟ್ಟಾದ ಮನೆಗಳಲ್ಲೇ ಉಳಿಯಿತು. ಇಬ್ಬರಿಗೂ ಅದೇ ಎರಡು ಔಷಧಿ, ಒಂದು ವರ್ಷ. ಮನೆಯವರಿಗೆ ಸಿಕ್ಕ ಊಟ ಕಡಿಮೆ, ವಿಶ್ರಾಂತಿ ಇನ್ನೂ ಕಡಿಮೆ. ಮಾತ್ರೆ ನುಂಗಿದರೋ ಇಲ್ಲವೋ ಎಂದು ತಿಳಿಯಲು ಮೂತ್ರ ಪರೀಕ್ಷೆ ಮಾಡಿದರು, ಹೇಳದೆ ಮನೆಗೆ ಹೋಗಿ ಮಾತ್ರೆ ಎಣಿಸಿದರು.

1959ರಲ್ಲಿ ಫಲ ಹೊರಬಂತು. ಮನೆಯಲ್ಲಿದ್ದವರೂ ಸ್ಯಾನಟೋರಿಯಮ್ಮಿನಲ್ಲಿದ್ದವರೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು. ಮನೆಯಲ್ಲಿ ರೋಗಿಯನ್ನು ಇಟ್ಟುಕೊಂಡ ಕುಟುಂಬಗಳಲ್ಲಿ ಉಳಿದವರಿಗೆ ರೋಗ ಹೆಚ್ಚು ಹತ್ತಿರಲಿಲ್ಲ. ಐದು ವರ್ಷ ಹಿಂಬಾಲಿಸಿ ನೋಡಿದರೂ ಅದೇ ಫಲ. ಅಪಾಯವೆಲ್ಲ ಚಿಕಿತ್ಸೆಗೆ ಮುಂಚಿನ ದಿನಗಳಲ್ಲಿತ್ತು. ಈ ಮಾತನ್ನು ಓದುಗರು ದಯವಿಟ್ಟು ಇನ್ನೊಮ್ಮೆ ಓದಬೇಕು. ಗುರುತಾಗಿ ಔಷಧಿ ತಿನ್ನುತ್ತಿರುವ ರೋಗಿಯಿಂದಲ್ಲ, ಗುರುತಾಗದೆ ಕೆಮ್ಮುತ್ತಿರುವವನಿಂದ ಮನೆಗೆ ಹೆಚ್ಚಿನ ಭಯ. ನಮ್ಮ ದೊಡ್ಡಮ್ಮನನ್ನು ಹಿತ್ತಲ ಕೋಣೆಗೆ ಕಳಿಸಿದ ಲೋಕಾಚಾರಕ್ಕೆ ಆಧಾರವಿರಲಿಲ್ಲವೆಂದಲ್ಲ, ಆಗ ಔಷಧಿಯಿರಲಿಲ್ಲ. ಆದರೆ ಔಷಧಿ ಬಂದು ಇಷ್ಟು ವರ್ಷಗಳಾದ ಮೇಲೂ ಲೋಟದ ದಾರ ಬಿಚ್ಚದಿರುವುದಕ್ಕೆ ಆಧಾರವಿಲ್ಲ.

ಇನ್ನು ನಮ್ಮ ಬೆಂಗಳೂರು. ಬಳ್ಳಾರಿ ರಸ್ತೆಯಲ್ಲಿ ಓಡಾಡುವ ಎಷ್ಟು ಜನರಿಗೆ ಅಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರಿಚಯವಿದೆಯೋ ತಿಳಿಯದು. 1959ರಲ್ಲಿ ಸ್ಥಾಪಿತವಾಗಿ, 1960ರಲ್ಲಿ ನೆಹರೂ ಅವರಿಂದ ಉದ್ಘಾಟನೆಗೊಂಡ ಸಂಸ್ಥೆ. ಅದಕ್ಕೆ ಹಿಂದಿನ ವರ್ಷಗಳಲ್ಲಿ ನಡೆದ ದೇಶವ್ಯಾಪಿ ಸಮೀಕ್ಷೆಯೊಂದು, ಕ್ಷಯ ಪಟ್ಟಣದ ರೋಗವೆಂಬ ನಂಬಿಕೆಯನ್ನು ಸುಳ್ಳು ಮಾಡಿತ್ತು; ಹಳ್ಳಿಗಳಲ್ಲೂ ಅಷ್ಟೇ ರೋಗವಿತ್ತು. ಹಾಗಾದರೆ ಲಕ್ಷಾಂತರ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕುವುದು ಹೇಗೆ? ಎಕ್ಸ್‌-ರೇ ವ್ಯಾನುಗಳನ್ನು ಊರೂರಿಗೆ ಓಡಿಸುವುದೇ? ಹಳ್ಳಿಗರು ಕೆಮ್ಮನ್ನು ಲೆಕ್ಕಿಸುವುದಿಲ್ಲ, ನಾಟಿ ಔಷಧಿ ಬಿಟ್ಟು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ವಿದ್ಯಾವಂತರ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯವನ್ನು ಪರೀಕ್ಷೆಗೆ ಒಡ್ಡಿದವರು ಆ ಸಂಸ್ಥೆಯ ಡಾ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್. ತುಮಕೂರು ಜಿಲ್ಲೆಯ ಹಳ್ಳಿ ಪಟ್ಟಣಗಳಲ್ಲಿ, ಸಮೀಕ್ಷೆಯಿಂದ ಕ್ಷಯವಿದೆಯೆಂದು ಗೊತ್ತಾದವರ ಮನೆಗಳಿಗೆ ಹೋಗಿ ಕೂತು ಕೇಳಿದರು: ನಿಮಗೆ ಏನಾಗುತ್ತಿದೆ? ಅದರ ಚಿಂತೆ ಇದೆಯೇ? ಏನು ಮಾಡಿದಿರಿ? ಬಂದ ಉತ್ತರ ತಜ್ಞರನ್ನು ನಾಚಿಸುವಂಥದು. ಹೆಚ್ಚು ಕಡಿಮೆ ಎಲ್ಲರಿಗೂ ತಮಗೆ ಕಾಯಿಲೆಯಿರುವುದು ತಿಳಿದಿತ್ತು. ಬಹುಮಂದಿಗೆ ಅದರ ಚಿಂತೆಯಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆಗೆ ಹೋಗಿಬಂದಿದ್ದರು, ಅದೂ ಬಹುಮಟ್ಟಿಗೆ ಇಂಗ್ಲಿಷ್ ಔಷಧಿಯ ಆಸ್ಪತ್ರೆ, ಡಾಕ್ಟರುಗಳ ಬಳಿಗೇ. ಅಲ್ಲಿ ಅವರಿಗೆ ಸಿಕ್ಕದ್ದು ಕೆಮ್ಮಿನ ಔಷಧಿಯ ಒಂದು ಸೀಸೆ. ಅಂದರೆ, ಹುಡುಕಬೇಕೆಂದು ನಾವು ಹೊರಟ ರೋಗಿ ತಾನಾಗಿಯೇ ನಮ್ಮ ಬಾಗಿಲಿಗೆ ನಡೆದು ಬಂದು, ಸಾಲಿನಲ್ಲಿ ನಿಂತು, ಸೀಸೆ ತುಂಬಿಸಿಕೊಂಡು ಹಿಂದಿರುಗಿದ್ದ. 1963ರ ಆ ಪುಟವನ್ನು ಓದುವಾಗ ನನ್ನ ಮೇಜಿನ ಮೇಲೆ ಕಾಂಪೌಂಡರು ಇಟ್ಟ ಸೀಸೆಯೇ ಕಣ್ಣ ಮುಂದೆ ನಿಂತಿತು.

1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆಯೇ ನಿಂತಿತು: ಕ್ಷಯಕ್ಕೆ ಪ್ರತ್ಯೇಕ ಲೋಕ ಬೇಡ, ಸಾಮಾನ್ಯ ಆಸ್ಪತ್ರೆಯಲ್ಲೇ, ಬಹು ದಿನ ಕೆಮ್ಮುವವರ ಕಫ ನೋಡಿ, ಮಾತ್ರೆ ಕೊಟ್ಟು ಮನೆಗೆ ಕಳಿಸಿ. ನೋಡದಿದ್ದರೆ ಏನಾಗುತ್ತದೆಂಬುದಕ್ಕೂ ಅದೇ ಸಂಸ್ಥೆ ಲೆಕ್ಕ ಕೊಟ್ಟಿದೆ. ವ್ಯವಸ್ಥಿತ ಚಿಕಿತ್ಸೆ ಇನ್ನೂ ತಲುಪದಿದ್ದ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು 1961ರಿಂದ 1968ರವರೆಗೆ ಮತ್ತೆ ಮತ್ತೆ ಸಮೀಕ್ಷೆ ಮಾಡಿದಾಗ, ಕಫದಲ್ಲಿ ಅಣುವಿದ್ದ ರೋಗಿಗಳಲ್ಲಿ ಐದು ವರ್ಷಗಳಲ್ಲಿ ನೂರಕ್ಕೆ ಸುಮಾರು 49 ಮಂದಿ ಸತ್ತಿದ್ದರು, 32 ಮಂದಿ ತಾವಾಗಿಯೇ ಚೇತರಿಸಿದ್ದರು, ಉಳಿದವರು ಇನ್ನೂ ಅಣುಗಳನ್ನು ಹೊರಹಾಕುತ್ತಲೇ ಬದುಕಿದ್ದರು. ರಾಜಧಾನಿಯ ಮಗ್ಗುಲಿನ ಹಳ್ಳಿಗಳ ಮಾತು ಇದು.

ನನ್ನ ಕಾಲದ ಚಿಕಿತ್ಸೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ನು. ಜತೆಗೆ ಐಸೋನಿಯಜಿಡ್, ಥಯಸೆಟಜೋನ್ ಮಾತ್ರೆ, ಒಂದು ಒಂದೂವರೆ ವರ್ಷ. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಹಸಿವಾಗುತ್ತದೆ, ಮೈ ಹಿಡಿಯುತ್ತದೆ. ಗುಣವಾಯಿತೆಂದು ರೋಗಿ ಮಾಯವಾಗುತ್ತಾನೆ. ಮೈ ಗುಣವಾಗಿದೆ, ಅಣು ಸತ್ತಿಲ್ಲ ಎಂಬುದನ್ನು ದಿನಗೂಲಿಗೆ ಹೋಗುವವನಿಗೆ ತಿಳಿಯಹೇಳುವುದು ಯಾವ ಶಸ್ತ್ರಚಿಕಿತ್ಸೆಗೂ ಕಡಿಮೆಯ ಕೆಲಸವಲ್ಲ. ಆಮೇಲೆ ರಿಫಾಂಪಿಸಿನ್ ಬಂತು. ಪೂರ್ವ ಆಫ್ರಿಕದಲ್ಲಿ 1970ರಲ್ಲಿ ಆರಂಭಿಸಿದ ಪ್ರಯೋಗಗಳು ಆರು ತಿಂಗಳ ಚಿಕಿತ್ಸೆ ಸಾಕೆಂದು ತೋರಿಸಿದವು. ಅಲ್ಲಿಯೂ ಫಾಕ್ಸ್ ಅವರ ಕೈಯಿತ್ತು. ನಮ್ಮ ಕಾರ್ಯಕ್ರಮಕ್ಕೆ ಅದು 1980ರ ದಶಕದಲ್ಲಿ ನಿಧಾನವಾಗಿ ಕಾಲಿಟ್ಟಿತು. 1997ರಿಂದ ಕಣ್ಣೆದುರಿನಲ್ಲೇ ಮಾತ್ರೆ ನುಂಗಿಸುವ ಪದ್ಧತಿ ದೇಶಕ್ಕೆಲ್ಲ ಹಬ್ಬತೊಡಗಿತು.

ಕಂಬಳಿಯ ಯಜಮಾನ ಮಾಯವಾಗಲಿಲ್ಲ. ಹದಿನೆಂಟು ತಿಂಗಳೂ ಬಂದ. ಪೂರ್ತಿ ಗುಣವಾದ. ಆದರೆ ಎರಡನೆಯ ವರ್ಷ ಒಂದು ದಿನ ತನ್ನ ಹತ್ತು ವರ್ಷದ ಮಗಳನ್ನು ಕರೆತಂದ. ಹುಡುಗಿಯ ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟುಗಳು. ಅದೂ ಕ್ಷಯವೇ. ಅವಳಿಗೂ ಮಾತ್ರೆ ಕೊಟ್ಟೆವು, ಅವಳೂ ಗುಣವಾದಳು. ಗಂಟು ಒಡೆದ ಜಾಗದಲ್ಲಿ ಒಂದು ಕಲೆ ಉಳಿಯಿತು. ತಂದೆಯಿಂದ ಮಗಳಿಗೆ ಆ ಅಣು ಯಾವ ದಿನ ಹೋಯಿತೆಂದು ಯಾರೂ ಹೇಳಲಾರರು. ಆತ ಆಸ್ಪತ್ರೆಯ ಮುಖ ನೋಡುವ ಮೊದಲೇ ಹೋಗಿರಬಹುದು. ನಾನು ಮಿಕ್ಸ್ಚರು ಬರೆಯುತ್ತಿದ್ದ ಎರಡು ತಿಂಗಳಲ್ಲಿ ಹೋಗಲಿಲ್ಲವೆಂದೂ ಯಾರೂ ಹೇಳಲಾರರು.

ಇದೆಲ್ಲ ಹಳೆಯ ಕಥೆ, ಈಗ ಕಾಲ ಬದಲಾಗಿಲ್ಲವೇ ಎಂದು ವಾಚಕರು ಕೇಳಬಹುದು. ಬದಲಾಗಿದೆ. ಕಫದಲ್ಲಿ ಅಣುವಿನ ಜೀನನ್ನೇ ಹುಡುಕುವ ಯಂತ್ರಕ್ಕೆ 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಸುಮಾರು ಎರಡು ಗಂಟೆಯೊಳಗೆ ಅಣು ಇದೆಯೋ ಇಲ್ಲವೋ, ರಿಫಾಂಪಿಸಿನ್ನಿಗೆ ಬಗ್ಗುತ್ತದೆಯೋ ಇಲ್ಲವೋ ಎರಡನ್ನೂ ಹೇಳುತ್ತದೆ. ಬ್ಯಾಟರಿಯ ಮೇಲೆ ನಡೆಯುವ, ಸಣ್ಣ ಆಸ್ಪತ್ರೆಗೂ ಒಯ್ಯಬಹುದಾದ ಟ್ರೂನ್ಯಾಟ್ ನಮ್ಮ ದೇಶದ್ದೇ, ಅದರ ಬೆಳವಣಿಗೆಯಲ್ಲಿ ಬೆಂಗಳೂರಿನ ಪ್ರಯೋಗಶಾಲೆಯ ಪಾಲಿದೆ. 2020ರಲ್ಲಿ ಅದಕ್ಕೂ ಮಾನ್ಯತೆ ದೊರೆಯಿತು. ಸಾಮಾನ್ಯ ಕ್ಷಯಕ್ಕೆ ಈಗ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿ, ದಿನವೂ, ರೋಗಿಯ ತೂಕ ನೋಡಿ, ಸರ್ಕಾರದಲ್ಲಿ ಪುಕ್ಕಟೆ. ಔಷಧಿಗೆ ಬಗ್ಗದ ಕ್ಷಯಕ್ಕೆ ಎರಡು ವರ್ಷ ಇಂಜೆಕ್ಷನ್ನು ಚುಚ್ಚಿಸಿಕೊಂಡು ಕಿವಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಈಗ ಬೆಡಾಕ್ವಿಲಿನ್ ಮೊದಲಾದ ಮಾತ್ರೆಗಳಿಂದ ಅಂಥ ಅನೇಕರಿಗೆ ಆರು ತಿಂಗಳಲ್ಲಿ ಬಿಡುಗಡೆ. ರಕ್ತ ತೆಗೆದು ಕ್ಷಯ ಹೇಳುತ್ತೇವೆಂದು ಪೇಟೆಯಲ್ಲಿ ನಡೆಯುತ್ತಿದ್ದ ನಂಬಲಾಗದ ಪರೀಕ್ಷೆಗಳನ್ನು ಸರ್ಕಾರ 2012ರಲ್ಲಿ ನಿಷೇಧಿಸಿತು.

ಸ್ಯಾನಟೋರಿಯಮ್ಮಿನ ಹಾಲು ಮೊಟ್ಟೆಗೂ ಒಂದು ನ್ಯಾಯ ಸಿಕ್ಕಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ದಂಪತಿಗಳ ನೇತೃತ್ವದಲ್ಲಿ ಜಾರ್ಖಂಡಿನಲ್ಲಿ ನಡೆದ ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯ ಉಳಿದ ಮಂದಿಗೂ ತಿಂಗಳು ತಿಂಗಳು ಅಕ್ಕಿ ಬೇಳೆ ಒದಗಿಸಿದಾಗ, ಅವರಲ್ಲಿ ಹೊಸದಾಗಿ ಕ್ಷಯ ಹತ್ತುವುದು ನೂರಕ್ಕೆ ಸುಮಾರು 39ರಷ್ಟು ಕಡಿಮೆಯಾಯಿತು. ಮದರಾಸಿನ ಪ್ರಯೋಗಕ್ಕೆ ಇದು ವಿರೋಧವಲ್ಲ. ಅಣುವನ್ನು ಕೊಲ್ಲುವುದು ಮಾತ್ರೆ. ಅಣುವಿಗೆ ಎಡೆಗೊಡದಂತೆ ಮೈಯನ್ನು ಕಾಯುವುದು ಅನ್ನ.

ಇಷ್ಟಾದರೂ ಸೀಸೆ ಮಾಯವಾಗಿಲ್ಲ, ರೂಪ ಬದಲಿಸಿದೆ. ಕಳೆದ ವರ್ಷ ನಮ್ಮ ಬಡಾವಣೆಯ ಒಬ್ಬ ಯುವಕ, ಒಳ್ಳೆಯ ಸಂಬಳದವನು, ನನ್ನ ಬಳಿ ಬಂದ. ಆರು ವಾರದ ಕೆಮ್ಮು. ಕೈಯಲ್ಲಿ ಮೂರು ಬೇರೆ ಬೇರೆ ಕಡೆಯ ಮೂರು ಚೀಟಿ. ಮೂರರಲ್ಲೂ ಬೆಲೆಯುಳ್ಳ ಸಿರಪ್ಪು, ಒಂದರಲ್ಲಿ ಕ್ಷಯದ ಅಣುವನ್ನೂ ಕೆಲವು ದಿನ ಮಂಕು ಮಾಡಿ ರೋಗವನ್ನು ಮರೆಮಾಚಬಲ್ಲ ಜಾತಿಯ ಆಂಟಿಬಯಾಟಿಕ್. ಕಫವನ್ನು ಯಾರೂ ಕೇಳಿರಲಿಲ್ಲ. ನಮ್ಮಂಥವರ ಮನೆಗೆ ಆ ರೋಗ ಬರುವುದಿಲ್ಲವೆಂದು ಅವನ ತಾಯಿ ಹೇಳಿದರು. ಪರೀಕ್ಷೆ ಬರುತ್ತದೆಂದಿತು. ಮದುವೆಯ ಮಾತು ನಡೆಯುತ್ತಿದೆ, ಯಾರಿಗೂ ಹೇಳಬೇಡಿ ಎಂದು ಅವರು ಕೈ ಮುಗಿದರು. ಲೋಟಕ್ಕೆ ದಾರ ಕಟ್ಟಿದ ಕಾಲ ನೆನಪಾಯಿತು. ಹುಡುಗ ಆರು ತಿಂಗಳು ಮಾತ್ರೆ ತಿಂದು ಗುಣವಾಗಿದ್ದಾನೆ.

ಕೆಮ್ಮೊಂದನ್ನೇ ಕೇಳಿದರೆ ಸಾಲದೆಂಬುದೂ ಈಗ ಗೊತ್ತಾಗಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ ನೂರಕ್ಕೆ ಸುಮಾರು 43 ಮಂದಿ, ಎಕ್ಸ್‌-ರೇ ತೆಗೆಯದಿದ್ದರೆ ಕೈತಪ್ಪುತ್ತಿದ್ದರು. ಅದಕ್ಕಾಗಿಯೇ ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಯಂತ್ರಗಳು ಹಳ್ಳಿಗೆ ಹೊರಟಿವೆ. ಅದು ಆಗಬೇಕಾದ ಕೆಲಸ. ಆದರೆ ತಾನೇ ಬಾಗಿಲಿಗೆ ಬಂದು ಕೆಮ್ಮುವವನನ್ನು ಕೇಳದವರು, ಕೆಮ್ಮದವನನ್ನು ಹುಡುಕಿಕೊಂಡು ಎಷ್ಟು ದೂರ ಹೋದಾರು?

ಆದ್ದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಮನೆಯಲ್ಲಿ, ಕಚೇರಿಯಲ್ಲಿ, ನಿಮ್ಮ ಮನೆಯ ಪಾತ್ರೆ ತೊಳೆಯಲು ಬರುವ ಹೆಂಗಸಿನಲ್ಲಿ, ಎರಡು ವಾರ ಮೀರಿದ ಕೆಮ್ಮು ಕಂಡರೆ, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು ಕಂಡರೆ, ವೈದ್ಯರು ಕೇಳುವವರೆಗೆ ಕಾಯಬೇಡಿ. ಎಷ್ಟು ದಿನವಾಯಿತೆಂದು ನೀವೇ ಹೇಳಿ. ಕಫ ನೋಡಿಸಬಾರದೇ ಎಂದು ನೀವೇ ಕೇಳಿ. ವೈದ್ಯರಿಗೆ ಬೇಸರವಾದರೆ ಆಗಲಿ. ನನ್ನ ಮೇಜಿನ ಮೇಲೆ ಖಾಲಿ ಸೀಸೆ ತಂದಿಟ್ಟ ಕಾಂಪೌಂಡರ ಮೇಲೆ ನನಗೂ ಆ ದಿನ ಒಂದು ಗಳಿಗೆ ಬೇಸರವಾಗಿತ್ತು.